ಬಿಟ್ಟ ಜಾಗ

ಎತೆಲ್ಕಾ ಬೋದ್ನಾರರ ಬೀಳ್ಕೊಡುಗೆಗೆ
ನನ್ನನ್ನೂ ಕರೆದಿದ್ದರು, ಹಳೆಯ ಟೈಪಿಸ್ಟು.
ಬಾಗಿಲ ಪಕ್ಕದ ಕುರ್ಚಿ ಹಿಡಿದೆ;
ಮಂಡಿ ನೋವಿನವರ ಸಿಂಹಾಸನ ಅದು.

ಡೀನ್ ಎದ್ದು ಸಾಧನೆಗಳ ಪಟ್ಟಿ ಓದಿದ:
ಪ್ರಬಂಧ ನೂರಾ ಹದಿಮೂರು,
ಡಾಕ್ಟರೇಟು ಮಾಡಿಸಿದ್ದು ಹತ್ತೊಂಬತ್ತು ಮಂದಿಗೆ,
ಗಣಕ ವಿಜ್ಞಾನಕ್ಕೆ ಮುಖ್ಯಸ್ಥೆ ಎರಡು ಬಾರಿ.
ಅಂಗಡಿಯವ ಬಾಕಿ ಓದಿದ ಹಾಗೆ
ಒಂದೇ ಉಸಿರಿಗೆ.

ನನ್ನ ಲೆಕ್ಕ ಬೇರೆ.
ತಿಸಾ ನದಿ ಉಕ್ಕಿ ಇಳಿದ ಮರುವರ್ಷ
ಸೆಗೆಡ್‌ಗೆ ಬಂದಾಗ ಅವರಿಗೆ ಇಪ್ಪತ್ತಾರು.
ನಮಗೆಲ್ಲ ಒಂದೇ ಯಂತ್ರ, ನೆಲಮಾಳಿಗೆಯಲ್ಲಿ.
ಹಿರಿಯರಿಗೆ ಹಗಲು,
ಹೊಸಬರಿಗೆ ರಾತ್ರಿ ಎರಡರಿಂದ ನಾಲ್ಕು.
ತೂತು ಹೊಡೆದ ಕಾರ್ಡುಗಳನ್ನು ಶೂ ಡಬ್ಬಿಯಲ್ಲಿಟ್ಟು,
ತಲೆಯ ವಸ್ತ್ರ ಬಿಚ್ಚಿ ಡಬ್ಬಿಗೆ ಹೊದಿಸಿ,
ತಲೆಯನ್ನು ಮಂಜಿಗೆ ಬಿಟ್ಟು
ಸೈಕಲ್ಲು ತುಳಿದು ಬರುವರು.

ಅವರ ವಿಷಯ ಸರದಿ.
ಯಂತ್ರದ ಬಾಗಿಲಲ್ಲಿ ನಿಂತ ಕೆಲಸಗಳಲ್ಲಿ
ಯಾವುದು ಮೊದಲು, ಯಾವುದು ಆಮೇಲೆ,
ಯಾವುದೂ ಕೊನೆಯಿಲ್ಲದೆ ಕಾಯದಂತೆ ಹೇಗೆ?
ಕಿತ್ತಳೆಗಾಗಿ ಒಂದೂವರೆ ಗಂಟೆ ನಿಂತು ಬಂದ ನನಗೆ
ಅದು ಅರ್ಥವಾಗದ ಶಾಸ್ತ್ರವೇನಲ್ಲ.

ನನ್ನ ಟೈಪ್‌ರೈಟರಿಗೆ ಅಕ್ಷರ ಗೊತ್ತು, ಚಿಹ್ನೆ ಗೊತ್ತಿಲ್ಲ.
ಚಿಹ್ನೆ ಬರುವಲ್ಲಿ ಜಾಗ ಬಿಡುತ್ತಿದ್ದೆ,
ಎರಡು ಬಡಿತದಷ್ಟು.
ಸಂಜೆ ಅವರು ಕಪ್ಪು ಮಸಿ ತಂದು ನನ್ನ ಮೇಜಿಗೇ ಕೂತು
ಹಲ್ಲುದುರಿದ ಬಾಯಂಥ ಹಾಳೆಗೆ
ಒಂದೊಂದೇ ಹಲ್ಲು ಕಟ್ಟುವರು.
ಮಾತು ಕಡಿಮೆ. ನೀವು, ನೀವು ಎಂದೇ ಇಬ್ಬರೂ.

ಎಪ್ಪತ್ತೊಂಬತ್ತರ ಮಾರ್ಚ್. ಅವರ ಮಗಳಿಗೆ ದಡಾರ.
ಪ್ರಾಗ್‌ಗೆ ಹೋಗಬೇಕಾದ ಲಕೋಟೆ, ಐದಕ್ಕೆ ಅಂಚೆ ಬಂದ್,
ಹದಿನಾಲ್ಕನೇ ಪುಟದಲ್ಲಿ ಏಳು ಜಾಗ ಖಾಲಿ.
ಕರಡು ನೋಡಿ ಆರು ತುಂಬಿದೆ, ನನ್ನ ನೀಲಿ ಪೆನ್ನಲ್ಲಿ.
ಏಳನೆಯದರ ಮೇಲೆ ಕಾಫಿ ಕಲೆ.
ಕಡಿಮೆಯೋ? ಕಡಿಮೆ ಅಥವಾ ಸಮವೋ?
ಚಿಹ್ನೆಯ ಕೆಳಗೊಂದು ಗೆರೆ ಇತ್ತೋ ಇಲ್ಲವೋ.
ಗೋಡೆ ಗಡಿಯಾರ ನೋಡಿದೆ.
ಗೆರೆ ಎಳೆಯಲಿಲ್ಲ.

ಅಚ್ಚಾಯಿತು. ಹೆಸರಾಯಿತು. ಬಡ್ತಿಯೂ ಆಯಿತು.
ಹನ್ನೆರಡು ವರ್ಷದ ಮೇಲೆ ಡೆಬ್ರೆತ್ಸೆನ್ನಿನ ಹುಡುಗ,
ಬರ್ನಬಾಶ್ ಅಂತ, ಸೆಮಿನಾರಿನಲ್ಲಿ ಕೈಯೆತ್ತಿದ:
'ಇಬ್ಬರು ಒಂದೇ ಕ್ಷಣಕ್ಕೆ ಬಂದರೆ, ಮೇಡಂ?
ಒಬ್ಬ ಕಾಯುತ್ತಲೇ ಇರುತ್ತಾನಲ್ಲ.'
ಹೊರಗೆ ಟ್ರಾಮ್ ಹಾದುಹೋಗುವಷ್ಟು ಹೊತ್ತು
ಅವರು ಬೋರ್ಡು ನೋಡಿದರು.
'ಹೌದು. ತಪ್ಪು ನನ್ನದು.'

ತಿದ್ದುಪಡಿಯನ್ನು ನಾನೇ ಬೆರಳಚ್ಚು ಮಾಡಿದೆ,
ಎಲ್ಲ ಚಿಹ್ನೆಯೂ ಬಲ್ಲ ಹೊಸ ಕಂಪ್ಯೂಟರಿನಲ್ಲಿ.
'ಲೋಪ ಲೇಖಕಿಯದು ಮಾತ್ರ.'
ಆ 'ಮಾತ್ರ'ದ ಮೇಲೆ ಬೆರಳು ನಿಂತಿತು,
ಆಮೇಲೆ ಒತ್ತಿತು.
ಆ ವರ್ಷ ಪೀಠ ಇನ್ನೊಬ್ಬರಿಗೆ ಹೋಯಿತು.
ಸರದಿಯ ಪಂಡಿತೆ ಇನ್ನೂ ನಾಲ್ಕು ವರ್ಷ
ಸರದಿಯಲ್ಲಿ ನಿಂತರು.
ನಾನು ಬಾಯಿ ಬಿಡಲಿಲ್ಲ.
ಬಿಡಬೇಕೆಂದು ಎಷ್ಟೋ ಸಲ ಅವರ ಬಾಗಿಲ ತನಕ ಹೋಗಿ
ಸಹಿಗೆ ಬಂದೆ ಎಂದಿದ್ದೇನೆ.

ಚಪ್ಪಾಳೆ ಮುಗಿದು, ಗಸಗಸೆ ಕೇಕು ಮುಗಿದು
ಜನ ಕೋಟು ಹುಡುಕುವಾಗ
ನನ್ನ ಬಳಿಗೇ ಬಂದರು, ಕೈಯಲ್ಲೊಂದು ಹಳದಿ ಹಾಳೆ.
ಹದಿನಾಲ್ಕನೇ ಪುಟ.
ಕಪ್ಪು ಮಸಿಯ ಪುಟಗಳ ನಡುವೆ
ಏಳು ನೀಲಿ ಚಿಹ್ನೆ ಇಷ್ಟು ವರ್ಷ
ಅವರ ಕಪಾಟಿನಲ್ಲಿ ಎದ್ದು ಕಂಡಿರಬೇಕು.

'ಕರಡಿನಲ್ಲೂ ಗೆರೆ ಇರಲಿಲ್ಲ, ಪಿರೋಷ್ಕಾ.
ಅವತ್ತೇ ನೋಡಿದ್ದೆ. ನೀನು ಸುಮ್ಮನೆ ನಿದ್ದೆಗೆಟ್ಟೆ.'

ನೀನು ಅಂದಳು.

ಸಾಧನೆಯಿಲ್ಲದ ಒಂದು ಮಾತನ್ನೂ
ತಾನು ಆಡದವಳು, ಬೇರೆಯವರಿಂದ ಒಪ್ಪದವಳು.
ಆ ಕರಡು ಎಲ್ಲಿದೆ ಎಂದು ಕೇಳಬಹುದಿತ್ತು.
ಕೇಳದೆ ಹಾಳೆ ಮಡಿಸಿ ಚೀಲಕ್ಕೆ ಹಾಕಿದೆ.
'ಬಸ್ಸು ಎಷ್ಟಕ್ಕೆ?' ಅಂದಳು.
'ನಿನ್ನ ಜೊತೆ ನಡೆದರೆ ತಪ್ಪೀತು,' ಅಂದೆ.