ಹೋಲ್ಡಾನ್

ವಿರಾಜಪೇಟೆಯ ಖಾಸಗಿ ಬಸ್ ನಿಲ್ದಾಣದಲ್ಲಿ ನಾನು ಟೈಮ್‌ಕೀಪರ್.
ಹಗಲೆಲ್ಲ ನಿಮಿಷಗಳ ಜಗಳ ಬಿಡಿಸುತ್ತೇನೆ:
ಅವನ ಗಾಡಿ ಎಂಟು ಹತ್ತಕ್ಕೆ, ಇವನದು ಎಂಟು ಹದಿನಾಲ್ಕಕ್ಕೆ,
ನಡುವಿನ ನಾಲ್ಕು ನಿಮಿಷದಲ್ಲಿ ಅಮ್ಮತ್ತಿಯ ಹನ್ನೊಂದು ಸೀಟು.

ಭಾನುವಾರ ಕೊನೆಯ ಗಾಡಿ ಹೊರಟ ಮೇಲೆ
ಅದೇ ಕೋಣೆ, ಅದೇ ಮೇಜು.
ಟ್ರಿಪ್ ಶೀಟಿನ ಜಾಗದಲ್ಲಿ ಚೌಕುಳಿ ಲೆಕ್ಕದ ಪುಸ್ತಕ.
ಒಂದು ಚೌಕ ಅಂದರೆ ಐದು ಅಡಿ.
ಒಂದು ಸುತ್ತು ಅಂದರೆ ಆರು ಸೆಕೆಂಡು.

ಹೊಸಬರಿಗೆ ಇಷ್ಟೇ ಹೇಳುವುದು:
ಕಾಳಗ ಎದ್ದರೆ ಮೊದಲು ಎಲ್ಲರೂ ದಾಳ ಎಸೆಯಬೇಕು, ಇಪ್ಪತ್ತು ಮುಖದ್ದು.
ಹೆಚ್ಚು ಬಿದ್ದವರು ಮುಂದೆ, ಕಡಿಮೆಯವರು ಹಿಂದೆ,
ಶತ್ರುವಿಗೂ ಸಾಲಿನಲ್ಲಿ ಒಂದು ಸೀಟು ರಿಸರ್ವು.
ಸರದಿ ಬಂದಾಗ ಆರು ಚೌಕ ನಡೆಯಬಹುದು,
ಒಂದು ಕೆಲಸ ಮಾಡಬಹುದು. ಹೊಡಿ, ಇಲ್ಲ ಅಡಗು,
ಇಲ್ಲ ಬಿದ್ದವರ ಬಾಯಿಗೆ ಮದ್ದು ಹಾಕು. ಒಂದೇ.
ಮಿಕ್ಕ ಹೊತ್ತು ಸುಮ್ಮನಿರು.
ಅದಕ್ಕೇ ಹೆಚ್ಚು ಜನ ಎರಡನೇ ವಾರ ಬರುವುದಿಲ್ಲ.

ಉಳಿದವರು ನಾಲ್ವರು.
ದೇಚಿ, ಹಾಕಿಯಲ್ಲಿ ಗೋಲಿಯಾಗಿದ್ದವಳು, ಅವಳದು ಅಂಗಿಯ ಗುಂಡಿ.
ಕಾಯುವುದೇ ನನ್ನ ಕಸುಬು ಅನ್ನುತ್ತಾಳೆ, ಒಂದು ದಿನವೂ ಕಾದಿಲ್ಲ.
ಮೆಣಸಿನ ವ್ಯಾಪಾರದ ಜುನೈದನದು ಒಂದು ಕಾಳು ಮೆಣಸು;
ಎರಡೇ ಮಂತ್ರ ಮಿಕ್ಕಿವೆ, ದರ ಏರಲಿ ಅಂತ ಇಟ್ಟುಕೊಂಡೇ ಸಾಯುತ್ತಾನೆ.
ನರ್ಸ್ ಫಿಲೋಮಿನಾಳದು ಇಂಜೆಕ್ಷನ್ ಬಾಟಲಿಯ ಮುಚ್ಚಳ.
ನೆಲಕ್ಕೆ ಬಿದ್ದವರಿಗೆ ಪ್ರತಿ ಸರದಿಗೂ ಒಂದು ದಾಳ,
ಮೂರು ಗೆದ್ದರೆ ಉಸಿರು, ಮೂರು ಸೋತರೆ ಇಲ್ಲ.
"ನಮ್ಮ ವಾರ್ಡಿನಲ್ಲಿ ಇಷ್ಟು ಸಲ ಕೇಳುವುದಿಲ್ಲ" ಅಂದಿದ್ದಳು ಒಮ್ಮೆ.
ಬೊಳಕ ಸಿದ್ದಾಪುರ ಗಾಡಿಯ ಕ್ಲೀನರ್.
ಅವನದು ಒಡೆದ ಸೀಟಿಯೊಳಗಿನ ಗುಂಡು.

ಆವತ್ತು ಸೇತುವೆಗೆ ಅಡ್ಡ ಒಂದು ಮೃಗ ನಿಲ್ಲಿಸಿದ್ದೆ,
ಕಲ್ಲಿನ ಚರ್ಮ, ನಾಲ್ಕು ಚೌಕದ ಅಗಲ. ನನ್ನ ಇಂಕ್ ಪ್ಯಾಡು.
ಯಾವಾಗಲೂ ಹಿಂದಿನ ಬಾಗಿಲಲ್ಲಿ ನೇತಾಡುವ ಬೊಳಕನಿಗೆ
ಇಪ್ಪತ್ತು ಬಿತ್ತು. ಮೊದಲ ಸರದಿ.
ಎಲ್ಲರೂ ಅವನ ಮುಖ ನೋಡಿದರು.

"ಹೋಲ್ಡಾನ್" ಅಂದ.

ಹೊಡೆಯೋ ಮಾರಾಯ, ಅಂದಳು ದೇಚಿ.
"ಇಲ್ಲ. ಅದರ ಕಿವಿ ಬೀಸುತ್ತಾ ಇರಲಿ.
ಬೀಸುವುದು ನಿಂತರೆ, ಆಗ ನಾನು."
ನಿಯಮದಲ್ಲಿ ಅದಕ್ಕೆ ಜಾಗವಿದೆ: ಕೆಲಸವನ್ನು ಕಟ್ಟಿಡಬಹುದು,
ಇಂಥದ್ದು ನಡೆದರೆ ಬಿಚ್ಚುತ್ತೇನೆ ಅಂತ ಮೊದಲೇ ಹೇಳಿ.
ಆದರೆ ನಾನು ಆ ಮೃಗಕ್ಕೆ ಕಿವಿಯನ್ನೇ ಇಟ್ಟಿರಲಿಲ್ಲ.

ದೇಚಿಗೆ ಹದಿನಾಲ್ಕು, ಚರ್ಮ ಹದಿನೇಳು, ಕತ್ತಿ ಜಾರಿತು.
ಜುನೈದ್ ಕಾಳು ಮೆಣಸನ್ನು ಒಂದು ಚೌಕ ಹಿಂದಕ್ಕೆ ಎಳೆದ.
ಫಿಲೋಮಿನಾ ಮುಂದೆ ಹೋದಳು, ಯಾಕೆಂದು ಕೇಳಬೇಡಿ, ಯಾವಾಗಲೂ ಹೋಗುತ್ತಾಳೆ.
ಸಾಲಿನಲ್ಲಿ ಮುಂದಿನದು ನಾನು, ಅಂದರೆ ಮೃಗ.
ಹೊರಗೆ ನಿಲ್ದಾಣದಲ್ಲಿ ಒಂದು ನಾಯಿ, ಖಾಲಿ ಬೆಂಚುಗಳು.
ಬೊಳಕ ಪುಸ್ತಕ ನೋಡುತ್ತಿರಲಿಲ್ಲ.
ಲೈನ್‌ಮನೆಯಿಂದ ರಸ್ತೆಗೆ ಬರುವ ಕಾಫಿ ತೋಟದ ದಾರಿಯಲ್ಲಿ
ನಸುಕಿಗೆ ಎಷ್ಟು ಸಲ ಹಾಗೆ ನಿಂತಿದ್ದನೋ,
ನಾನು ಕೇಳಿರಲಿಲ್ಲ.

"ಕಿವಿ ನಿಂತಿತು" ಅಂದೆ.

ಸೀಟಿಯ ಗುಂಡು ಉರುಳಿತು. ಹೊಡೆಯಲಿಲ್ಲ ಅವನು.
ಮುಚ್ಚಳವನ್ನು ಬೆರಳಲ್ಲಿ ತಳ್ಳಿದ, ಎಡಕ್ಕೆ ಎರಡು ಚೌಕ,
ನಾನು ಮರ ಅಂತ ಗೀಚಿದ್ದ ಗೆರೆಯ ಹಿಂದಕ್ಕೆ.
ಇಂಕ್ ಪ್ಯಾಡು ಬರೀ ಕಾಗದದ ಮೇಲೆ ಬಿತ್ತು,
ಒಂದು ನೇರಳೆ ಚೌಕ, ಇವತ್ತಿಗೂ ಇದೆ.

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.
ಪುಸ್ತಕದಲ್ಲಿ ಆರು ಸೆಕೆಂಡು.

ಸೋಮವಾರ ಆರು ಇಪ್ಪತ್ತು, ಸಿದ್ದಾಪುರ.
ಗಡಿಯಾರ ಕಂಬದ ಕಡೆಯಿಂದ ಯಾರೋ ಓಡಿ ಬರುತ್ತಿದ್ದಾರೆ,
ಒಂದು ಕೈಯಲ್ಲಿ ಮಗು, ಒಂದರಲ್ಲಿ ಚಪ್ಪಲಿ.
ಡ್ರೈವರ್ ಗೇರು ಹಾಕಿದ್ದಾನೆ. ಬೊಳಕನ ಅಂಗೈ
ಗಾಡಿಯ ತಗಡಿನಿಂದ ಒಂದು ಗೇಣು ದೂರದಲ್ಲಿ ನಿಂತಿದೆ.
ನನ್ನ ಕಡೆ ನೋಡುತ್ತಾನೆ. ನಾನು ವಾಚು ನೋಡುತ್ತೇನೆ.
ಹಿಂದಿನ ಗಾಡಿಯವನು ಹಾರ್ನ್ ಒತ್ತಿದ ಕೈ ತೆಗೆಯುತ್ತಿಲ್ಲ.