ಎರಡು ಚೌಕ ಕಡಿಮೆ

ಟ್ರಂಕು ತೆರೆದರೆ ನುಸಿಗುಳಿಗೆಯ ವಾಸನೆ,
ಅದರ ಕೆಳಗೆ ನಲವತ್ತಾರು ರವಿಕೆ ಕಣ.
ಗೌರಿಹಬ್ಬದ್ದು, ಸೀಮಂತದ್ದು, ಗೃಹಪ್ರವೇಶದ್ದು,
ಯಾರದೋ ಮಗಳು ಮೈನೆರೆದಾಗಿನದು.
ಹೆಚ್ಚಿನವು ಬೆವರು ಕುಡಿಯದ ಬಟ್ಟೆ.
ಕೊಟ್ಟವಳಿಗೂ ಗೊತ್ತು, ಇಸಕೊಂಡವಳಿಗೂ ಗೊತ್ತು:
ಇದು ಹೊಲಿಸಲಿಕ್ಕಲ್ಲ,
ಮುಂದಿನ ಮನೆಗೆ ದಾಟಿಸಲಿಕ್ಕೆ.

ಒಮ್ಮೆ ನಾನೇ ಪರೀಕ್ಷೆ ಮಾಡಿದ್ದೆ.
ನೇರಳೆ ಕಣವೊಂದರ ಮೂಲೆಗೆ
ಹಸಿರು ದಾರದ ಸಣ್ಣ ಗಂಟು ಹಾಕಿ
ಸುಭಾಷ್ ನಗರದ ಸಾಕಮ್ಮನಿಗೆ ಕೊಟ್ಟೆ,
ಎಲೆ ಅಡಿಕೆ ತೆಂಗಿನಕಾಯಿ ಸಮೇತ.
ಹನ್ನೊಂದು ವರ್ಷ ಸುತ್ತಿತು ಅದು.
ಮದ್ದೂರಿಗೆ ಹೋಯಿತೋ, ಪಾಂಡವಪುರದಲ್ಲಿ ತಂಗಿತೋ,
ಎಷ್ಟು ಮಡಿಲು ಕಂಡಿತೋ.
ಒಂದು ಶ್ರಾವಣ ಶುಕ್ರವಾರ
ಕ್ಯಾತುಂಗೆರೆಯ ಬೀಗಿತ್ತಿ ನನಗೇ ಕೊಟ್ಟಳು.
ಗಂಟು ಹಾಗೇ ಇತ್ತು.
ನಾನು ನಕ್ಕದ್ದು ಯಾಕೆಂದು ಹೇಳಲಿಲ್ಲ.

ಆ ಬಟ್ಟೆಗಳಿಗೆಲ್ಲ ಕತ್ತರಿ ತೋರಿಸಿದ್ದು
ಅವರು ಹೋದ ಮರುವರ್ಷ.
ಕಲಿಸಿದವಳು ಪೇಟೆಬೀದಿಯ ಟೈಲರ್ ಬದ್ರುನ್ನೀಸಾ.
"ಅಕ್ಕಾ, ಮೊದಲು ಮೂಲೆ ತೆಗಿ,
ಆಮೇಲೆ ಮೂಲೆ ಕೊಡು" ಅಂದಳು.
ಒಗಟು ಅಂದುಕೊಂಡೆ. ಅಲ್ಲ, ಲೆಕ್ಕ.

ಚಕ್ಕುಲಿ ಡಬ್ಬಿಯ ಮುಚ್ಚಳವಿಟ್ಟು ಸುತ್ತ ಸೀಮೆಸುಣ್ಣ.
ಎರಡು ದುಂಡು, ಮುಖಕ್ಕೆ ಮುಖ ಸೇರಿಸಿ ಹೊಲಿ,
ನಡುವೆ ಸೀಳಿ ಒಳಗಿನದನ್ನು ಹೊರಗೆಳೆ,
ನಾಲ್ಕೂ ಕಡೆಯಿಂದ ಮಡಿಸು,
ಹೋಳಿಗೆಯ ಕಣಕ ಹೂರಣವನ್ನು ಮುಚ್ಚುವ ಹಾಗೆ.
ದುಂಡು ಚೌಕವಾಗುತ್ತದೆ,
ಚೌಕದ ಮೇಲೆ ನಾಲ್ಕು ಎಸಳು.
ಹೂರಣ ಏನೆಂದು ಯಾರಿಗೂ ಕಾಣುವುದಿಲ್ಲ.
ಅವರ ಹಳೇ ಪಂಚೆ,
ಒಗೆದೂ ಒಗೆದೂ ಮೆತ್ತಗಾದದ್ದು.

"ಮಂಡ್ಯದ ಸೆಕೆಗೆ ಇಷ್ಟು ದಪ್ಪದ್ದು ಯಾರತ್ತೆ ಹೊದ್ಕತಾರೆ?"
ಸೊಸೆ ಕೇಳುತ್ತಾಳೆ.
ನಂಗೂ ಗೊತ್ತಿಲ್ಲ ಕಣವ್ವ,
ಕೈಗೆ ಗೊತ್ತಿರಬೇಕು.

ಸೂಜಿ ಚುಚ್ಚಿದಾಗೆಲ್ಲ ಒಂದೊಂದು ಹೆಸರು.
ಗುಲಾಬಿ: ಜವರಮ್ಮ, ಸೀಮಂತ, ಮಗು ಉಳಿಯಲಿಲ್ಲ.
ಗಿಣಿಹಸಿರು ಯಾರದೆಂದು ಮರೆತಿದೆ.
ಹಳದಿ ಕೊಟ್ಟ ಪುಟ್ಟಚನ್ನಮ್ಮ ನನ್ನ ಜೊತೆ ಮಾತು ಬಿಟ್ಟು ಆರು ವರ್ಷ;
ಅವಳ ಎಸಳು ಮಾತ್ರ
ಪಕ್ಕದ ಎಸಳಿಗೆ ಸರಿಯಾಗಿ ಕೂತಿದೆ.
ದುಂಡಗೆ ಕತ್ತರಿಸಿದರೆ ಮೂಲೆ ಹೋಗುತ್ತದಲ್ಲ,
ನೇರಳೆಯ ಮೂಲೆಯನ್ನು ಎಸೆಯಲಾಗಲಿಲ್ಲ.
ಪಂಚೆಯ ಪಕ್ಕ ಒಳಗಿಟ್ಟು ಮುಚ್ಚಿದೆ.
ಬೆರಳಾಡಿಸಿದರೆ ಗಂಟು ಸಿಗುತ್ತದೆ,
ಅನ್ನದೊಳಗಿನ ಕಲ್ಲಿನ ಹಾಗೆ.

ಈ ಶುಕ್ರವಾರ ಪಕ್ಕದ ಮನೆಯ ಪ್ರಫುಲ್ಲ
ತಟ್ಟೆ ಹಿಡಿದು ಬಂದಳು, ಹೊಸ್ತಿಲಲ್ಲೇ ನಿಂತಳು.
ಬಾಳೆಹಣ್ಣು ಕೊಟ್ಟಳು, ಕೋಸಂಬರಿ ಕೊಟ್ಟಳು,
ಕುಂಕುಮದ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದಳು.
ತಟ್ಟೆಯಂಚಿಗೆ ಇಟ್ಟಿಗೆ ಬಣ್ಣದ ಕಣ,
ಮಡಿಕೆ ಮುರಿಯದ್ದು, ಮುಂದಿನ ಮನೆಯದು.
"ಅದ್ನೂ ಇಡು" ಅಂದೆ.
ಅವಳ ಕಣ್ಣು ನನ್ನ ಹಣೆ ನೋಡಿತು, ನೆಲ ನೋಡಿತು.
"ತೊಟ್ಕಳಕ್ಕಲ್ಲ ಕಣೇ,
ಎರಡು ಚೌಕ ಕಡಿಮೆ ಬಿದ್ದವೆ."

ಡಬ್ಬಿಯ ಮುಚ್ಚಳ ಆಗಲೇ ಒರೆಸಿ
ಕೈಯಲ್ಲಿ ಹಿಡಿದಿದ್ದೆ.