ಕರಿಗೇರಿನ ಮಸಿ

ನಮ್ಮ ಮೇಲೆ ಒಂದು ಹನಿಯೂ ಬೀಳದ ದಿನ
ಕಪಿಲೆ ಒಳಗೆ ಬಂದಳು.
ಮಳೆ ಸುರಿದದ್ದು ವಯನಾಡಿನಲ್ಲಂತೆ;
ಇಲ್ಲಿ ನಂಜನಗೂಡಿನಲ್ಲಿ ಬಿಸಿಲು,
ಹಪ್ಪಳ ಒಣಹಾಕಿದ್ದೆವು.
ಹದಿನಾರು ಕಾಲಿನ ಮಂಟಪಕ್ಕೆ ಪಾದ ಮುಳುಗಿತು ಅಂದರು,
ಆಮೇಲೆ ಸೊಂಟ ಅಂದರು,
ಆಮೇಲೆ ಯಾರೂ ಏನೂ ಅನ್ನಲಿಲ್ಲ,
ತಲೆಮೇಲೆ ಕೈಗೆ ಸಿಕ್ಕಿದ್ದು ಹೊತ್ತು ನಡೆದೆವು.

ಏಳನೆಯ ದಿನ ಹೊಳೆ ತನ್ನ ಪಾತ್ರಕ್ಕೆ ಮರಳಿತು.
ನಮ್ಮ ಪಾತ್ರೆಗಳು ಎಲ್ಲಿಗೋ.
ಮನೆಯೊಳಗೆ ಮೊಣಕಾಲುದ್ದ ಗೋಡು,
ಒರಳಿನ ಕುಳಿಯಲ್ಲೊಂದು ಏಡಿ
ಕಂದಾಯ ಕಟ್ಟಿದವರ ಹಾಗೆ ಕೂತಿತ್ತು.

ನನಗೆ ವಹಿಸಿದ್ದು ಪಟ್ಟಿ ಬರೆಯುವ ಕೆಲಸ.
ಛತ್ರದ ಜಗಲಿ, ಕುಂಟು ಮೇಜು, ನಾಲ್ಕು ಕಾಲಂ:
ಹೆಸರು, ಮನೆ ನಂಬರು, ಹೋದದ್ದು, ಪುರಾವೆ.
ಪುರಾವೆ ಅಂದರೆ ಜನ ಮಡಿಲಿಂದ ತೆಗೆದರು
ಮುದ್ದೆಯಾದ ಕಾಗದ.
ರೇಷನ್ ಕಾರ್ಡಿಗೆ ಹಕ್ಕುಪತ್ರ ಅಂಟಿ,
ಹಕ್ಕುಪತ್ರಕ್ಕೆ ಯಾರದೋ ಲಗ್ನಪತ್ರಿಕೆ.
ಫೈರೋಜಾಬಿಯ ಮಗನ ಮಾರ್ಕ್ಸ್ ಕಾರ್ಡಿನಲ್ಲಿ
ಗಣಿತ ಹರಿದು ವಿಜ್ಞಾನದೊಳಗೆ ಸೇರಿತ್ತು.
ಸೀಲು, ಒಂದು ನೀಲಿ ಕಲೆ.
‘ಸರ್ಕಾರದ ಮಸಿ ಇಷ್ಟೇಯಾ?’ ಅಂದ ಕೆಂಪಿಸಿದ್ದ,
ನಗುವುದೋ ಬೇಡವೋ ತಿಳಿಯದೆ.

ಅಷ್ಟರಲ್ಲಿ ದೊಡ್ಡತಾಯಿ ಬಂದಳು, ಮಡಿವಾಳರ ಬೀದಿಯವಳು,
ಸೆರಗು ಬಿಗಿದು.
ಸ್ನಾನಘಟ್ಟದ ಕೆಳಗೆ, ಬೇಲಿಯ ಮೇಲೆ,
ರಸಬಾಳೆ ಗಿಡಗಳ ಕುತ್ತಿಗೆಗೆ ಸುತ್ತಿಕೊಂಡು
ಕೇರಿಯ ಬಟ್ಟೆಯೆಲ್ಲ ಸಿಕ್ಕಿತ್ತು, ಎರಡು ಗಾಡಿ.
ಎಲ್ಲದಕ್ಕೂ ಒಂದೇ ಬಣ್ಣ.
ಸುಟ್ಟುಬಿಡಿ, ರೋಗ ಬರುತ್ತೆ, ಅಂದರು ನಗರಸಭೆಯವರು.
ಅವಳು ಒಂದು ಶರಟು ಎತ್ತಿದಳು, ಕಾಲರು ಮಗುಚಿದಳು,
ಹೆಬ್ಬೆರಳಲ್ಲಿ ಕೆಸರು ಉಜ್ಜಿದಳು:
ಎರಡು ಚುಕ್ಕೆ, ಒಂದು ಅಡ್ಡಗೆರೆ.
‘ಪೋಸ್ಟಾಪೀಸು ಶಿವನಂಜಂದು ಕನವ್ವ, ಬರ್ಕೊ.’

ಕರಿಗೇರಿನ ಮಸಿ. ಅವಳತ್ತೆಯ ಕಾಲದ್ದು.
ಕಾಯಿಗೆ ಕಡ್ಡಿ ಚುಚ್ಚಿ ತೆಗೆದು, ಬಟ್ಟೆಗೆ ಮುಟ್ಟಿಸಿದ್ದು.
ಉಬ್ಬೆಗೆ ಹಾಕಿದರೆ ಹೋಗದು, ಬಂಡೆಗೆ ಬಡಿದರೆ ಹೋಗದು.
ಹೊಳೆಗೂ ಹೋಗಲಿಲ್ಲ.

ಮೂರು ದಿನ ಛತ್ರದ ಹಿತ್ತಿಲಲ್ಲಿ ಹಬೆ.
ಹಳೆಯ ಕೊಪ್ಪರಿಗೆ ಒಲೆಯೇರಿತು, ಸೌದೆ ಫೈರೋಜಾಬಿಯ ಮುರಿದ ಬಾಗಿಲು.
ತೊಳೆದ ಬಟ್ಟೆಯನ್ನೂ ಹೊಸಿಲಾಚೆ ಇರಿಸಿಕೊಂಡು
ನೀರು ಚಿಮುಕಿಸಿ ಒಳಗೊಯ್ಯುತ್ತಿದ್ದ ರುಕ್ಮಿಣಮ್ಮ
ಚಕ್ಕಂಬಕ್ಕಳ ಹಾಕಿ ಕೂತು ಕಾಲರು ಮಗುಚುತ್ತಿದ್ದರು.
‘ಮೂರು ಗೆರೆ ಯಾರದು, ತಾಯಿ?’
‘ನಿಮ್ದೇ ಕನ್ರವ್ವ.’

ಒಂದು ಲಂಗದ ಗುರುತಿಗೆ ದೊಡ್ಡತಾಯಿ ಸುಮ್ಮನಾದಳು.
ಮಡಿಸಿದಳು, ಬೇರೆಯೇ ಇಟ್ಟಳು.
ನಾನೂ ಕೇಳಲಿಲ್ಲ.
ಪಟ್ಟಿಯಲ್ಲಿ ಆ ಸಾಲು ಈಗಲೂ ಹಾಗೇ ಇದೆ.

ಪುರಾವೆಯ ಕಾಲಮ್ಮಿನ ತುಂಬ ಚುಕ್ಕೆ, ಗೆರೆ, ಕೊಕ್ಕೆ.
ಕನ್ನಡಕ ಏರಿಸಿ ನೋಡಿದರು ತಾಲ್ಲೂಕು ಕಚೇರಿಯವರು,
‘ಇದು ಯಾವ ಲಿಪಿ ಕಣಮ್ಮ?’
ನಮ್ಮ ಕೇರೀದು ಸರ್, ಅಂದೆ.
ಪರಿಹಾರ ಬಂತೋ? ಕೆಲವರಿಗೆ ಬಂತು.
ಬಟ್ಟೆ ಎಲ್ಲರಿಗೂ ಬಂತು.

ಎಲ್ಲರಿಗೂ ಅಲ್ಲ.
ನಮ್ಮ ಮನೆಯದು ಒಂದೂ ಸಿಗಲಿಲ್ಲ.
‘ಮಿಸಿನ್ನು ತಂದ್ರಲ್ಲ ನೀವು,’ ಅಂದಳು ಬಟ್ಟೆ ಹಿಂಡುತ್ತ,
‘ಗುರ್ತೇ ನಿಂತೋಯ್ತು.’
ನಾನು ಉಟ್ಟ ಸೀರೆಯ ಸೆರಗು ಮುಂದೆ ಚಾಚಿದೆ.
ಅವಳು ನನ್ನನ್ನು ನೋಡಿದಳು, ಸೊಂಟದ ಚೀಲ ತಡಕಿದಳು,
ಕಾಯಿಗೆ ಕಡ್ಡಿ ಚುಚ್ಚಿದಳು.
ಒಂದು ಚುಕ್ಕೆ. ಅದರ ಪಕ್ಕ ಇನ್ನೊಂದು. ಒಂದು ಸಣ್ಣ ಕೊಕ್ಕೆ.
‘ಆರೋಗಂಟ ಮುಟ್ಬೇಡ,’ ಅಂದಳು,
‘ಸುಡ್ತದೆ.’